ತಿರುವಿ ಹಾಕಿಕೊಂಡ ಕಾಲುಚೀಲ

ನಾನು ಕಾಲುಚೀಲವನ್ನು ತಿರುವಿ ಹಾಕಿಕೊಳ್ಳುತ್ತೇನೆ. ಒಳಮೈ ಹೊರಗೆ, ಹೊರಮೈ ಒಳಗೆ. ಬೆಳಿಗ್ಗೆ ಐದೂವರೆಗೆ ಅಡುಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಹೀಗೆ ಮಾಡುವುದನ್ನು ಮೊದಲ ಸಲ ಕಂಡಾಗ ನನ್ನ ಗಂಡ ನಿದ್ದೆಗಣ್ಣಲ್ಲೇ ನಕ್ಕರು. "ಊರ್ಗೆಲ್ಲ ಬಟ್ಟೆ ಹೊಲ್ಕೊಡೋಳು ನೀನು, ಕಾಲ್ಚೀಲ ನೆಟ್ಟಗೆ ಹಾಕ್ಕೊಳಕ್ ಬರಲ್ವೇನೆ?" ಎಂದರು. ಬರುತ್ತದೆ. ಇಪ್ಪತ್ತಾರು ವರ್ಷದಿಂದ ಹೊಳೆನರಸೀಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಯಾವ ಹೊಲಿಗೆ ಎಲ್ಲಿ ಒತ್ತುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುಚೀಲದ ತುದಿಯಲ್ಲಿ ಬೆರಳಿನ ಮೇಲೆ ಒಂದು ದಪ್ಪ ಹೊಲಿಗೆ ಇರುತ್ತದೆ. ಬೇರೆಯವರಿಗೆ ಅದು ಉಜ್ಜಿದರೆ ಗೊತ್ತಾಗುತ್ತದೆ, ನಿಂತು ಸರಿ ಮಾಡಿಕೊಳ್ಳುತ್ತಾರೆ. ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ತಿರುವಿ ಹಾಕಿಕೊಳ್ಳುವುದು.

ನನಗೆ ಗೊತ್ತಾಗುವುದಿಲ್ಲ ಎಂಬುದು ಗೊತ್ತಾದದ್ದು ಒಂದು ಗುಂಡುಸೂಜಿಯಿಂದ. ಗೌರಿ ಹಬ್ಬ ಹತ್ತಿರವಿತ್ತು. ಅಂಗಡಿ ತುಂಬ ಬ್ಲೌಸುಗಳು, ನನಗೆ ತಲೆ ಎತ್ತಲು ಪುರುಸೊತ್ತಿಲ್ಲ. ಸಂಜೆ ಬಟ್ಟೆ ತೆಗೆದುಕೊಂಡು ಹೋಗಲು ಬಂದ ಹೆಂಗಸೊಬ್ಬಳು, "ಅಯ್ಯೋ ಅಕ್ಕ, ನೆಲದ್ ಮೇಲೆಲ್ಲ ರಕ್ತ!" ಎಂದಳು. ಬಗ್ಗಿ ನೋಡಿದರೆ ನನ್ನ ಹಿಮ್ಮಡಿಯಲ್ಲಿ ಗುಂಡುಸೂಜಿ ತಲೆಯವರೆಗೂ ಇಳಿದಿತ್ತು. ಎಷ್ಟು ಹೊತ್ತಿನಿಂದ ಅದರ ಮೇಲೆ ಕಾಲಿಟ್ಟು ಮಿಷನ್ ತುಳಿಯುತ್ತಿದ್ದೆನೋ ದೇವರೇ ಬಲ್ಲ. ಹಾಸನದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಸಕ್ಕರೆ ಕಾಯಿಲೆ ಸೇರಿ ಬಹಳ ವರ್ಷವಾಗಿದೆ, ಪಾದದ ನರಗಳು ಸೋಲುತ್ತಿವೆ ಎಂದರು. ಬರಿಗಾಲಲ್ಲಿ ಓಡಾಡಬಾರದು, ದಿನಾ ಪಾದ ನೋಡಿಕೊಳ್ಳಬೇಕು, ಮಾತ್ರೆ ತಪ್ಪಿಸಬಾರದು, ದಿನಾ ಮೈ ಬೆವರುವಂತೆ ನಡೆಯಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ.

ಏಕೆಂದರೆ ನಾನು ಅದನ್ನು ನೋಡಿದ್ದೇನೆ. ಅರಕಲಗೂಡಿನ ಹತ್ತಿರದ ನನ್ನ ತವರಿನಲ್ಲಿ, ಒಂದು ಕಾಲಿನ ಮೊಣಕಾಲ ಕೆಳಗಿನದೆಲ್ಲ ತೆಗೆಸಿಕೊಂಡು ಬಂದ ನನ್ನ ಅಮ್ಮ ಕೊನೆಯ ಎರಡು ವರ್ಷ ಮಂಚದ ಮೇಲೆ ಕಳೆದರು. ಮೂರು ಎಮ್ಮೆ ಕಟ್ಟಿ ಹಾಲು ಕರೆದು ಡೈರಿಗೆ ಹಾಕುತ್ತಿದ್ದ ಹೆಂಗಸು ಬಚ್ಚಲಿಗೆ ಹೋಗಲು ಇನ್ನೊಬ್ಬರ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದರು. ಅದೇನು ಕಡಿಮೆ ಅವಮಾನವೇ? ಆಸ್ಪತ್ರೆಯಿಂದ ವಾಪಸ್ ಬರುವ ಬಸ್ಸಿನಲ್ಲಿ ಕೂತು ನಾನು ತೀರ್ಮಾನ ಮಾಡಿದೆ. ಆ ಮಂಚ ನನಗೆ ಬೇಡ. ನನ್ನ ಎರಡು ಕಾಲೂ ನನಗೆ ಬೇಕು, ಅದಕ್ಕೆ ಊರವರು ಏನಂದರೂ ಅನ್ನಲಿ.

ಮೂರು ತಿಂಗಳು ನಡೆದೆ. ನಡಿಗೆ ಸಾಲದು ಅನ್ನಿಸಿತು. ಡಾಕ್ಟರಮ್ಮನನ್ನು ಕೇಳಿದೆ. ಪಾದವನ್ನು ತಿರುಗಿಸಿ ಮುರುಗಿಸಿ ನೋಡಿ, ಒಳ್ಳೆಯ ಶೂ ಹಾಕಿಕೊಂಡು ನಿಧಾನವಾಗಿ ಓಡಬಹುದು, ಓಡಿ ಬಂದ ಮೇಲೆ ಪಾದ ನೋಡಿಕೊಳ್ಳಲೇಬೇಕು ಎಂದು ಒಪ್ಪಿದರು. ಅಷ್ಟು ಹೊತ್ತಿಗೆ ಚಳಿಗಾಲ ಬಂದಿತ್ತು.

ನಮ್ಮ ಕಡೆ ಎಲ್ಲರೂ ಥಂಡಿಯ ವಿಷಯದಲ್ಲಿ ಡಾಕ್ಟರುಗಳೇ. ಥಂಡಿ ಕಿವಿಯಿಂದ ಒಳಗೆ ಹೋಗುತ್ತದೆ, ನೆತ್ತಿಯಿಂದ ಇಳಿಯುತ್ತದೆ, ಪಾದದಿಂದ ಏರುತ್ತದೆ. ಹೊಳೆ ಕಡೆಯಿಂದ ಮಂಜು ಎದ್ದು ಬರುವ ಹೊತ್ತಿನಲ್ಲಿ ನಲವತ್ತೆಂಟು ವರ್ಷದ ಹೆಂಗಸು ಓಡುತ್ತಾಳೆಂದರೆ ಅವಳಿಗೆ ತಲೆ ಕೆಟ್ಟಿದೆ ಎಂದೇ ಅರ್ಥ. ಧನುರ್ಮಾಸದ ಪೂಜೆಗೆಂದು ಅದೇ ಹೆಂಗಸು ಅದಕ್ಕಿಂತ ಮೊದಲೇ ಎದ್ದು, ತಲೆಗೆ ನೀರು ಸುರಿದುಕೊಂಡು, ಒದ್ದೆ ಕೂದಲಲ್ಲಿ ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋದರೆ ಆಗ ಮಾತ್ರ ಥಂಡಿ ಹತ್ತಿರ ಸುಳಿಯುವುದಿಲ್ಲ. ಇದನ್ನು ನಾನು ಅತ್ತೆಗೆ ಹೇಳಿದೆ. "ಅದು ದೇವ್ರು ಕಣೆ. ದೇವ್ರು ನೋಡ್ಕತಾನೆ" ಎಂದರು. ಓಡುವವರನ್ನು ಯಾಕೆ ನೋಡಿಕೊಳ್ಳುವುದಿಲ್ಲ ಎಂದು ಕೇಳಿದ್ದಕ್ಕೆ ಆ ದಿನ ಪೂರ್ತಿ ನನ್ನ ಜೊತೆ ಮಾತು ಬಿಟ್ಟರು.

ಆದರೂ ಮೊದಲ ದಿನ ಅವರು ಹೇಳಿದ ಹಾಗೇ ಕೇಳಿದೆ. ಚೂಡಿದಾರದ ಮೇಲೆ ಗಂಡನ ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪು, ಕಿವಿಗೆ ಹತ್ತಿ. ಸೇತುವೆ ಹತ್ತಿರ ಹೋಗುವಷ್ಟರಲ್ಲಿ ಒಳಗೆಲ್ಲ ನೀರು. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದವನು ಬೆನ್ನ ಹಿಂದೆಯೇ ಹಾರನ್ ಬಾರಿಸುತ್ತಿದ್ದರೂ ಕಿವಿಯ ಹತ್ತಿಯಿಂದಾಗಿ ನನಗೆ ಕೇಳಿಸಲಿಲ್ಲ. "ಯಾರ್ಲಾ ಅದು, ಸಾಯೋಕ್ ಬಂದಿದ್ದೀಯೇನ್ಲಾ?" ಎಂದು ಬೈದು, ಮುಖ ಕಂಡ ಮೇಲೆ ನಾಲಿಗೆ ಕಚ್ಚಿಕೊಂಡ. ಹತ್ತಿ ಬಟ್ಟೆ ಬೆವರು ಕುಡಿದು ಮೈಗೆ ಅಂಟಿತ್ತು. ವಾಪಸ್ ಬರುವಾಗ ಅದೇ ಬೆವರು ಬೆನ್ನ ಮೇಲೆ ತಣ್ಣಗಾಗಿ ಹಲ್ಲು ಕಟಕಟ ಎಂದವು. ಮೂರು ದಿನ ಜ್ವರ. ನೋಡಿದೆಯಾ, ನಾನು ಹೇಳಲಿಲ್ಲವಾ ಎಂದು ಅತ್ತೆಗೆ ಬಹಳ ಸಂತೋಷವಾಯಿತು.

ನನಗೆ ಬಂದದ್ದು ಸಿಟ್ಟು. ಬಟ್ಟೆಯನ್ನೇ ಕಸುಬು ಮಾಡಿಕೊಂಡವಳು ನಾನು ಬಟ್ಟೆಯಿಂದ ಸೋಲುವುದೇ? ಜ್ವರ ಬಿಟ್ಟ ಮೇಲೆ ಮಿಷನ್ ಮುಂದೆ ಕೂತೆ. ಶಾಲೆಯ ಮಕ್ಕಳಿಗೆ ಆಟದ ಬನಿಯನ್ ಹೊಲಿದು ಉಳಿದಿದ್ದ ಜಾರುವ ಬಟ್ಟೆಯಲ್ಲಿ ಮೈಗೆ ಒಪ್ಪುವ ಒಳಅಂಗಿ ಹೊಲಿದೆ. ಅದು ಬೆವರು ಹಿಡಿದಿಟ್ಟುಕೊಳ್ಳುವುದಿಲ್ಲ. ಮೇಲಕ್ಕೆ ತೆಳುವಾದ ಉಣ್ಣೆ ಬಟ್ಟೆಯ ಉದ್ದ ತೋಳಿನ ಕುರ್ತಾ, ಎದೆಯವರೆಗೆ ಜಿಪ್ಪು. ಮೈ ಕಾದರೆ ಇಳಿಸಬೇಕು, ಗಾಳಿ ಬಂದರೆ ಏರಿಸಬೇಕು, ಅಷ್ಟೇ. ಹಳೆಯ ಸ್ವೆಟರಿನ ತೋಳು ಕತ್ತರಿಸಿ ಕಿವಿ ಮುಚ್ಚುವ ಪಟ್ಟಿ ಮಾಡಿದೆ. ಕಿವಿ ಬೆಚ್ಚಗಿರುತ್ತದೆ, ಹಾರನ್ನೂ ಕೇಳಿಸುತ್ತದೆ. ಬೆನ್ನ ಮೇಲೆ ಲೈಟು ಬಿದ್ದರೆ ಹೊಳೆಯುವ ಪಟ್ಟಿ, ಕಾಲಿಗೆ ಪ್ಯಾಂಟು. ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು, ಆಗಲೇ ಬಟ್ಟೆ ಸರಿಯಾಗಿದೆ ಎಂದು ಲೆಕ್ಕ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಜ್ವರ ಕಲಿಸಿತು.

ಪ್ಯಾಂಟಿಗೆ ಅತ್ತೆ ಒಂದು ಷರತ್ತು ಹಾಕಿದ್ದರು. ಕುರ್ತಾ ಮೊಣಕಾಲು ದಾಟಿರಬೇಕು. ಆಗಲಿ ಎಂದು ಹಾಗೇ ಹೊಲಿದೆ. ಓಡುವಾಗ ಅದು ತೊಡೆಗೆ ಸುತ್ತಿಕೊಳ್ಳುತ್ತಿತ್ತು. ನಾನು ವಾದ ಮಾಡಲು ಹೋಗಲಿಲ್ಲ. ಭಾನುವಾರ ಭಾನುವಾರ ಎರಡು ಬೆರಳಿನಷ್ಟು ಕತ್ತರಿಸಿ ಅಂಚು ಮಡಿಸಿ ಹೊಲಿಯುತ್ತಾ ಬಂದೆ. ಸಂಕ್ರಾಂತಿಗೆ ಇನ್ನೂ ದಿನವಿರುವಾಗಲೇ ಅದು ತೊಡೆಯ ಅರ್ಧಕ್ಕೆ ಬಂದು ನಿಂತಿತ್ತು. ಅತ್ತೆಗೆ ಗೊತ್ತೇ ಆಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದರೋ, ನಾನು ಕೇಳಲು ಹೋಗಲಿಲ್ಲ.

ಊರು ಮಾತ್ರ ಸುಮ್ಮನಿರಲಿಲ್ಲ. ಬ್ಲೌಸ್ ಹೊಲಿಯಲು ಕೊಡಲು ಬಂದ ಹಿಂದಿನ ಬೀದಿಯ ಹೆಂಗಸು, ಅಂಗಡಿಯಲ್ಲಿ ನಾಲ್ಕು ಜನ ಇರುವಾಗಲೇ ಬೇಕೆಂದು ಕೇಳಿದಳು. "ಏನಕ್ಕ, ಪ್ಯಾಂಟಾಕ್ಕೊಂಡು ಚನ್ನರಾಯಪಟ್ಣದ್ ರೋಡಲ್ಲಿ ಓಡ್ತೀಯಂತೆ? ಈ ವಯಸ್ನಲ್ಲಿ ಯಾರಿಗ್ ತೋರ್ಸಕ್ಕೆ?" ನಾನು ಟೇಪು ತೆಗೆದು ಅವಳ ಸುತ್ತ ಹಿಡಿದೆ. "ಐದು ವರ್ಷದಿಂದ ನಿನ್ ಬ್ಲೌಸಿನ್ ಪಕ್ಕದ ಹೊಲಿಗೆ ಬಿಚ್ಚಿ ಬಿಚ್ಚಿ ಅಗಲ ಮಾಡ್ಕೊಡ್ತಾ ಇದೀನಿ. ಯಾರಿಗಾದ್ರೂ ಹೇಳಿದೀನೇನಮ್ಮ?" ಎಂದೆ. ಉಳಿದವರು ತಮ್ಮ ತಮ್ಮ ಬಟ್ಟೆ ನೋಡಿಕೊಂಡರು. ಈ ಊರಿನ ಹೆಂಗಸರ ಅಳತೆಯೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಅಂಥವಳ ಹತ್ತಿರ ಮಾತಾಡುವಾಗ ಸ್ವಲ್ಪ ನೋಡಿಕೊಂಡು ಮಾತಾಡಬೇಕು.

ಹೀಗೆ ಎಲ್ಲರಿಗೂ ಎದುರು ನಿಂತವಳು ಸೋತದ್ದು ಒಂದು ಒಳ್ಳೆಯ ಮಾತಿಗೆ. ಹಿತ್ತಿಲ ತೆಂಗಿನಮರವೂ ಕಾಣದಷ್ಟು ಮಂಜು ಕವಿದಿದ್ದ ಒಂದು ಬೆಳಿಗ್ಗೆ ಎದ್ದು ಬಂದರೆ, ಅತ್ತೆ ನನಗಿಂತ ಮೊದಲೇ ಎದ್ದು ಹಿತ್ತಿಲ ಹಂಡೆ ಒಲೆಗೆ ತೆಂಗಿನ ಮಟ್ಟೆ ತುಂಬಿ ಉರಿ ಹಾಕಿದ್ದರು. ಮನೆಯಲ್ಲಿ ಗೀಸರ್ ಇದೆ, ಆದರೆ ಅವರಿಗೆ ಹಂಡೆಯ ನೀರೇ ಆಗಬೇಕು. ಒಲೆಯ ಮುಂದೆ ಎರಡು ಮಣೆ ಹಾಕಿದ್ದರು, ಒಂದು ನನಗೆ. "ಬಾರವ್ವ, ಒಸಿ ಕಾಲ್ ಕಾಯಿಸ್ಕೊಂಡ್ ಓಗು. ಕಾಲ್ ಮರಗಟ್ಟೋದ್ರೆ ಎಂಗ್ ಓಡೀಯೆ?" ಎಂದರು. ಓಡಬೇಡ ಅನ್ನಲಿಲ್ಲ, ಹೇಗೆ ಓಡುತ್ತೀಯ ಎಂದರು. ನನಗೆ ಕಣ್ಣು ತುಂಬಿ ಬಂತು. ಕಾಲುಚೀಲ ತಿರುವಿ ಹಾಕಿಕೊಂಡಿದ್ದೆ, ಶೂ ಕೈಯಲ್ಲಿತ್ತು. ಹಾಗೇ ಕೂತು ಒಲೆಯ ಬಾಯಿಗೆ ಎರಡು ಪಾದವನ್ನೂ ಒಡ್ಡಿದೆ.

ಅವರೆಕಾಯಿಯ ಮಾತು ಆಡುತ್ತಿದ್ದೆವು. ಈ ಸಲ ಸೊಗಡೇ ಇಲ್ಲ ಎಂದು ಅವರು, ಇದೆ ಎಂದು ನಾನು. ನಡುವೆ ಅತ್ತೆ ಮೂಗು ಏರಿಸಿದರು. "ಏನೋ ಸೀದೋಯ್ತಾ ಅದಲ್ಲ?" ಎಂದು, ಒಳಗಿದ್ದ ಮಗನಿಗೆ ಕೂಗಿದರು, "ಒಲೆ ಮ್ಯಾಲೆ ಆಲ್ ಇಕ್ಕಿದ್ದೀಯೇನ್ಲಾ?" "ಇಲ್ಲ ಕಣವ್ವ" ಎಂದು ನನ್ನ ಗಂಡ ಒಳಗಿಂದ ಕೂಗಿದರು. ಆಮೇಲೆ ನಾನು ಕೆಳಗೆ ನೋಡಿದೆ. ಬಲಗಾಲಿನ ಚೀಲದ ತುದಿ ಕರಗಿ, ಕಪ್ಪಗೆ ಸುರುಟಿ ಬೆರಳಿಗೆ ಅಂಟಿಕೊಂಡಿತ್ತು. ನನಗೆ ನೋವಿರಲಿಲ್ಲ. ಹಾಯಾಗಿ ಅವರೆಕಾಯಿಯ ಬಗ್ಗೆ ವಾದ ಮಾಡುತ್ತಾ ಕೂತಿದ್ದೆ.

ಎರಡು ಬೆರಳಿಗೆ ಬೊಬ್ಬೆ. ಅದೇ ದಿನ ಹಾಸನಕ್ಕೆ ಓಡಿದೆವು. ಸ್ವಲ್ಪದರಲ್ಲಿ ಉಳಿಯಿತು, ಮೂರು ವಾರ ಕಾಲು ನೆಲಕ್ಕೆ ತಾಗಬಾರದು ಎಂದರು. ಮನೆಗೆ ನೋಡಲು ಬಂದವರೆಲ್ಲ ಒಂದೇ ಮಾತು. ಥಂಡಿಯಲ್ಲಿ ಓಡಿ ಓಡಿ ಕಾಲು ಜಡವಾಗಿದೆ, ಅದಕ್ಕೇ ಬೆಂಕಿ ತಗುಲಿದ್ದು ಗೊತ್ತಾಗಲಿಲ್ಲ. ಸುಟ್ಟದ್ದು ಬೆಂಕಿ, ಬೈಗುಳ ಮಾತ್ರ ಥಂಡಿಗೆ. ಅತ್ತೆ ಬಂದವರಿಗೆಲ್ಲ ಕಾಫಿ ಕೊಡುತ್ತಾ ಹೂಂಗುಟ್ಟುತ್ತಿದ್ದರು.

ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದ ಆ ಮೂರು ವಾರದಲ್ಲಿ ನನಗೆ ಅಮ್ಮನ ಹಿಮ್ಮಡಿ ನೆನಪಾಯಿತು. ಆಗಲೂ ಚಳಿಗಾಲ, ನಾನು ತವರಿಗೆ ಹೋಗಿದ್ದೆ. ಹಿಮ್ಮಡಿಯಲ್ಲಿ ಒಂದು ಗಾಯ ಕಂಡಾಗ ಥಂಡಿಗೆ ಒಡೆದಿದೆ ಎಂದು ನಾವೆಲ್ಲ ಅರಿಸಿನ, ತುಪ್ಪ ಹಚ್ಚಿದೆವು. ಬರಿಗಾಲಲ್ಲಿ ಕೊಟ್ಟಿಗೆಗೆ ಹೋಗುತ್ತೀಯ, ಥಂಡಿ ಹತ್ತುತ್ತದೆ ಎಂದು ಗದರಿ ಅವರನ್ನು ಬೆಳಿಗ್ಗೆ ಸಂಜೆ ಹಂಡೆ ಒಲೆಯ ಮುಂದೆ ಕೂರಿಸಿದೆವು. ಕಾಲು ಒಡ್ಡಿಕೊಂಡು ಕೂತಿರುತ್ತಿದ್ದರು. "ಬಿಸಿ ತಾಕ್ತಾನೇ ಇಲ್ಲ ಕಣವ್ವ" ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ಇನ್ನೊಂದು ಸೌದೆ ಒಳಗೆ ತಳ್ಳಿದವಳು ನಾನೇ. ಆ ಗಾಯ ಕೆಟ್ಟೇ ಅವರ ಕಾಲು ಹೋದದ್ದು. ಅದು ಒಲೆಯಿಂದಲೇ ಕೆಟ್ಟಿತು ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ಸೌದೆ ತಳ್ಳಿದ ಕೈ ಇದು, ಇದನ್ನು ಎಲ್ಲಿಡಲಿ? ಎರಡು ದಿನ ಗೋಡೆ ಕಡೆ ತಿರುಗಿ ಅಳುತ್ತಾ ಮಲಗಿದ್ದೆ.

ಅಳು ಮುಗಿದ ಮೇಲೆ ಮತ್ತೆ ಸಿಟ್ಟೇ ಬಂತು, ಅದು ಒಳ್ಳೆಯದೇ ಆಯಿತು. ಗಾಯ ಮಾಯ್ದು, ಡಾಕ್ಟರಮ್ಮ ಸರಿ ಎಂದ ಮರುದಿನ ಐದೂವರೆಗೆ ಎದ್ದೆ. ಕೈಗನ್ನಡಿ ಹಿಡಿದು ಎರಡು ಪಾದವನ್ನೂ ನೋಡಿಕೊಂಡೆ. ಬೆರಳ ಸಂದಿ ಒರೆಸಿಕೊಂಡೆ. ಹೊಸ ಕಾಲುಚೀಲ ತಿರುವಿ ಹಾಕಿಕೊಂಡೆ. ಶೂ ಕೊಡವಿ, ಒಳಗೆ ಕೈ ಹಾಕಿ ತಡವಿ ನೋಡಿದೆ. ನಮ್ಮ ಮನೆಯಲ್ಲಿ ಗುಂಡುಸೂಜಿ ಎಲ್ಲಿ ಬೇಕಾದರೂ ಇರಬಹುದು. ಜಿಪ್ಪು ಏರಿಸಿ, ಕಿವಿಯ ಪಟ್ಟಿ ಕಟ್ಟಿಕೊಂಡು ಹಿತ್ತಿಲ ಬಾಗಿಲು ತೆಗೆದರೆ ಹಂಡೆ ಒಲೆ ಉರಿಯುತ್ತಿತ್ತು. ಅತ್ತೆ ಮಣೆಯ ಮೇಲೆ ಕೂತು, ಸೀರೆ ಸ್ವಲ್ಪ ಮೇಲೆತ್ತಿಕೊಂಡು, ಎರಡು ಬರಿಪಾದಗಳನ್ನೂ ಒಲೆಯ ಬಾಯಿಗೆ ಒಡ್ಡಿದ್ದರು. ಅವರಿಗೂ ಸಕ್ಕರೆ ಕಾಯಿಲೆ, ನನ್ನದು ಗೊತ್ತಾಗುವುದಕ್ಕೆ ಹನ್ನೆರಡು ವರ್ಷ ಮೊದಲಿಂದಲೇ.

"ಮತ್ತೆ ಒಂಟ್ಯಾ? ಬುದ್ಧಿ ಬರ್ನಿಲ್ವೇನೆ ಇನ್ನೂವೆ?" ಎಂದರು.

ನಾನು ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ಒಲೆಗೆ ಸುರಿದೆ. ಬುಸ್ಸೆಂದು ಹೊಗೆ ಎದ್ದಿತು. "ಅಯ್ಯೋ ನಿನ್ನ! ಉರಿಯೋ ಒಲೆಗ್ ನೀರ್ ಉಯ್ತಾಳಲ್ಲಪ್ಪ!" ಎಂದು ಅತ್ತೆ ಕಿರುಚಿದರು. ನಾನು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಅಮ್ಮನ ವಿಷಯವನ್ನೆಲ್ಲ ಹೇಳಿದೆ, ಸೌದೆ ತಳ್ಳಿದ್ದನ್ನೂ ಸೇರಿಸಿ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ಹೊಗೆಗೋ ಏನೋ. "ನಂಗೇನ್ ಆಗಿಲ್ಲ ಬುಡು. ನನ್ ಕಾಲ್ ಗಟ್ಟಿಯಾಗದೆ" ಎಂದರು.

"ಸರಿ, ಕಣ್ ಮುಚ್ಕೊಳಿ ಅತ್ತೆ. ನಾನು ಯಾವ್ ಬೆರಳು ಮುಟ್ತೀನೋ ಹೇಳಿ."

"ಇದೇನೇ, ಮಕ್ಕಳಾಟ?"

"ಮುಚ್ಕೊಳಿ ಅಂದೆ."

ಗೊಣಗುತ್ತಾ ಮುಚ್ಚಿಕೊಂಡರು. ನಾನು ಅವರ ಬಲಗಾಲಿನ ಹೆಬ್ಬೆರಳು ಹಿಡಿದೆ. ಸುಮ್ಮನಿದ್ದರು. ಅಮುಕಿದೆ. ಇನ್ನೂ ಜೋರಾಗಿ ಅಮುಕಿದೆ. ಅದರ ಪಕ್ಕದ್ದು, ಅದರ ಪಕ್ಕದ್ದು, ಕಿರುಬೆರಳು. ಆಮೇಲೆ ಎಡಗಾಲು. ಅತ್ತೆ ಕಣ್ಣು ಮುಚ್ಚಿಕೊಂಡೇ, ಮುಖ ಮೇಲೆತ್ತಿ ಕಾಯುತ್ತಿದ್ದರು.

ಕೊನೆಗೆ ಅವರಿಗೆ ಬೇಜಾರಾಯಿತು. "ಮುಟ್ಟೇ ಬೇಗ, ಯಾಕಂಗೆ ಸುಮ್ಕೆ ಕುಂತ್ಕಂಡಿದ್ದೀಯೆ?" ಎಂದರು.