ಒಂದು ಭುಜ, ಎರಡು ಕಂಪನಿ

ಟೀವಿಯ ಮುಂದೆ ಕೈ ಬೀಸುವವರನ್ನು ಬೀದಿಯಿಂದ ಕಿಟಕಿಯ ಮೂಲಕ ನೋಡಿದರೆ, ಅವರು ನೊಣ ಓಡಿಸುತ್ತಿದ್ದಾರೋ ಯಾರಿಗಾದರೂ ಶಾಪ ಹಾಕುತ್ತಿದ್ದಾರೋ ಎಂದು ನಿರ್ಧರಿಸುವುದು ಕಷ್ಟ. ಸೋಮವಾರಪೇಟೆಯ ನಮ್ಮ ಬೀದಿಯವರು ಕಳೆದ ಮಳೆಗಾಲವಿಡೀ ಈ ಜಿಜ್ಞಾಸೆಯಲ್ಲಿದ್ದರು. ಕೈ ಬೀಸುತ್ತಿದ್ದವಳು ನನ್ನ ಧರ್ಮಪತ್ನಿ ಪಾರ್ವತಿ.

ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ ನಿವೃತ್ತನಾದವನು. ಬೆನ್ನು ನೇರ, ಮೊಣಕೈ ಪಕ್ಕೆಗೆ, ಅಲುಗುವುದು ಬೆರಳು ಮಾತ್ರ. ಇದಕ್ಕಿಂತ ಹೆಚ್ಚಿನ ಜೀವನದರ್ಶನ ನನ್ನಲ್ಲಿಲ್ಲ. ಅಂಥವನ ಮನೆಗೆ ತೋಳು ಬೀಸುವ ಆಟದ ಯಂತ್ರಗಳು, ಅದೂ ಪರಸ್ಪರ ವೈರಿಗಳಾದ ಎರಡು ಕಂಪನಿಗಳವು, ಬಂದದ್ದು ಹೀಗೆ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು ಪಾರ್ವತಿಯ ಬಲಭುಜದ ಮೂಳೆ ಮುರಿಯಿತು. ಮೂಳೆ ಕೂಡಿತು, ಆದರೆ ತೋಳು ಎದೆಯ ಮಟ್ಟದಿಂದ ಮೇಲೇಳಲಿಲ್ಲ. ಫಿಜಿಯೋಥೆರಪಿಯ ಡಾಕ್ಟರಮ್ಮ ದಿನವೂ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿ, ಈಗ ಉದಾಸೀನ ಮಾಡಿದರೆ ಭುಜ ಹೀಗೇ ಬಿಗಿದುಕೊಂಡುಬಿಡುತ್ತದೆ ಎಂದು ಎಚ್ಚರಿಸಿದರು. ಪಾರ್ವತಿ ಎರಡು ದಿನ ಮಾಡಿ, "ನಾನೇನು ಹಲ್ಲಿನಾ?" ಎಂದು ಬಿಟ್ಟಳು. ಅವಳ ಜಡೆ ಹೆಣೆಯುವ ಹುದ್ದೆ, ಹತ್ತೂ ಬೆರಳುಗಳನ್ನು ಸಮಾನವಾಗಿ ಬಳಸಬಲ್ಲವನೆಂಬ ಅರ್ಹತೆಯ ಮೇಲೆ, ನನಗೆ ಬಂತು. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಅವಳ ಕಣ್ಣು ತುಂಬಿದ್ದನ್ನು ಕಂಡೆ. "ಇನ್ಮೇಲೆ ಇದಕ್ಕೂ ನಿಮ್ಮನ್ನೇ ಕಾಯ್ಬೇಕೇನೋ," ಎಂದಳು. ತಪ್ಪು ಟೈಪಾದ ಹಾಳೆಯಂತೆ ಜಡೆಯನ್ನು ಬಿಚ್ಚಿ ಮೊದಲಿನಿಂದ ಹೆಣೆದೆ.

ಸುದ್ದಿ ತಿಳಿದು ಅವಳ ತಮ್ಮ ಶಿವಣ್ಣ ಕುಶಾಲನಗರದಿಂದ ತನ್ನ ಮಕ್ಕಳು ಆಡಿ ಬಿಟ್ಟ ಯಂತ್ರವನ್ನು ಹೊತ್ತುತಂದ. ಕೈಯಲ್ಲೊಂದು ಕೋಲು ಹಿಡಿದು ಬೀಸಿದರೆ ಪರದೆಯ ಮೇಲಿನ ಗೊಂಬೆ ಟೆನಿಸ್ ಬ್ಯಾಟು ಬೀಸುತ್ತದೆ. ಕೆಲವೇ ದಿನಗಳಲ್ಲಿ ಪಾರ್ವತಿ ಅಜೇಯಳಾದಳು. ಶಿವಣ್ಣ ಫೋನಿನಲ್ಲೇ ಸಂಭ್ರಮಿಸಿದ. ನಾನು ಮಾತ್ರ ಹತ್ತಿರದಿಂದ ನೋಡಿದೆ: ಅವಳು ಕುರ್ಚಿಯ ಕೈಮೇಲೆ ಮೊಣಕೈ ಊರಿ ಮಣಿಕಟ್ಟನ್ನಷ್ಟೇ ಕೊಡವುತ್ತಿದ್ದಳು. ಯಂತ್ರ ಅದನ್ನೇ ಭೀಮಪ್ರಹಾರವೆಂದು ನಂಬುತ್ತಿತ್ತು. ಭುಜ ಇದ್ದಲ್ಲೇ ಇತ್ತು. ಕೇಳಿದರೆ, "ಯಂತ್ರಕ್ಕೇ ಸಾಕಾದ್ರೆ ನಿಮಗೇನು ಕಷ್ಟ?" ಎಂದಳು. ನನ್ನ ಜೀವನದರ್ಶನಕ್ಕೆ ಮೊದಲ ಅನುಯಾಯಿ ಇಂಥ ಹೊತ್ತಿನಲ್ಲೇ ಸಿಗಬೇಕಿತ್ತೇ!

ಪಕ್ಕದ ಮನೆಯ ನಿವೃತ್ತ ಸುಬೇದಾರ್ ಪೂಣಚ್ಚನವರಲ್ಲಿ ಇದನ್ನು ತೋಡಿಕೊಂಡೆ. "ಕೋಲು ಸುಳ್ಳು ಹೇಳ್ತದೆ ಮೇಷ್ಟ್ರೇ. ನಮ್ಮದು ಕ್ಯಾಮೆರಾ. ಅದರ ಹತ್ರ ಚೀಟಿಂಗ್ ನಡೆಯೋದಿಲ್ಲ," ಎಂದು ಅವರು ಎದುರಾಳಿ ಕಂಪನಿಯ ಯಂತ್ರವನ್ನು ತಂದಿಟ್ಟು ಇತಿಹಾಸವನ್ನೂ ಹೇಳಿದರು. ಒಂದು ಕಂಪನಿ ಕೋಲು ಮಾಡಿ ಲೋಕವನ್ನೇ ಕುಣಿಸಿತಂತೆ. ಇನ್ನೊಂದು ಕೋಲಿನ ತುದಿಗೆ ಹೊಳೆಯುವ ಗೋಲಿಯಿಟ್ಟಿತಂತೆ. ಮತ್ತೊಂದು ಕೋಲನ್ನೇ ಕಿತ್ತೆಸೆದು ಮೈಯೆಲ್ಲ ನೋಡುವ ಕಣ್ಣು ಕೂರಿಸಿತಂತೆ. ಕೊನೆಗೆ ಆಡುವವರಲ್ಲಿ ಬಹುಪಾಲು ಜನ ಸೋಫಾಕ್ಕೂ ಹೆಬ್ಬೆರಳಲ್ಲಿ ಒತ್ತುವ ಗುಂಡಿಗಳಿಗೂ ಮರಳಿದರಂತೆ. ಲೋಕದಲ್ಲಿ ಮುಗಿದ ಸಮರ ಹೀಗೆ ನಮ್ಮ ಹಜಾರದಲ್ಲಿ ಮುಂದುವರಿಯಿತು.

ಆ ಕಣ್ಣಿಗೆ ಸೀರೆಯುಟ್ಟ ಪಾರ್ವತಿ ಮನುಷ್ಯಳೆಂದು ಹೊಳೆಯಲೇ ಇಲ್ಲ. ಅದು ಎರಡು ಕಾಲು ಹುಡುಕುತ್ತಿತ್ತು. ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ನನ್ನನ್ನು ಆಟಗಾರನೆಂದು ಆರಿಸಿತು. ನಾನು ಪುಟ ಮಗುಚಿದೆ. ಪರದೆಯ ಗೊಂಬೆ ಚೆಂಡು ಉರುಳಿಸಿ ಎದುರು ನಿಲ್ಲಿಸಿದ್ದ ಗೂಟಗಳನ್ನೆಲ್ಲ ಬೀಳಿಸಿತು. ನಾನು ಗೆದ್ದ ಏಕೈಕ ಕ್ರೀಡೆ ಅದು. ಮರುದಿನ ಪಾರ್ವತಿ ಪೂಣಚ್ಚನವರ ಹೆಂಡತಿಯ ಚೂಡಿದಾರ ತೊಟ್ಟು ನಿಂತಳು. ಯಂತ್ರಕ್ಕೆ ಅವಳು ಕಂಡಳು. ಆದರೆ ನೋವಿಗೆ ಹೆದರಿ ಅವಳು ತೋಳೆತ್ತಲಿಲ್ಲ, ಗೊಂಬೆಯೂ ಎತ್ತಲಿಲ್ಲ.

ಭಾನುವಾರ ಶಿವಣ್ಣ ಬಂದಾಗ ಪಾರ್ವತಿ ಅದೇ ಚೂಡಿದಾರ ತೊಟ್ಟು ಪರದೆಯ ಮುಂದೆ ನಿಂತಿದ್ದಳು. ತನ್ನ ಯಂತ್ರದ ಜಾಗದಲ್ಲಿ ಕ್ಯಾಮೆರಾ ಕಂಡು ಅವನು ಕೆಂಪಾದ.

"ಯಾಕೆ, ನಾನು ನಮ್ಮಕ್ಕಂಗೆ ತಂದಿದ್ದು ಆಗ್ಲಿಲ್ವಾ?"

"ಅದು ಮಕ್ಕಳಾಟ ಮಾರಾಯ್ರೇ," ಎಂದರು ಆಟ ನೋಡಲು ಬಂದು ಕೂತಿದ್ದ ಪೂಣಚ್ಚ.

"ನಿಮ್ದನ್ನ ಕಂಪನಿಯೋರೇ ಮಾಡೋದು ನಿಲ್ಸಿದಾರೆ!"

"ನಿಲ್ಲಿಸಿದ್ರೆ ಏನು? ರಿಟೈರ್ ಆದೋನು ಸೋತೋನು ಅಲ್ಲ!"

ಇಬ್ಬರೂ ಎದ್ದು ನಿಂತು, ತಮಗೆ ಚಿಕ್ಕಾಸಿನ ಪಾಲೂ ಇಲ್ಲದ ಕಂಪನಿಗಳ ಮಾನ ಕಾಯತೊಡಗಿದರು. ನಾನು ಪತ್ರಿಕೆ ಮಡಿಚಿಟ್ಟೆ. ಅಲುಗಿದರೆ ನಾನೂ ಆಟಕ್ಕೆ ಸೇರಿಬಿಡುವ ಭಯವಿತ್ತು.

"ಸಾಕು, ಸುಮ್ನಿರಿ ಇಬ್ರೂ!" ಎಂದು ಪಾರ್ವತಿ ಕೂಗಿ ಕೈಯೆತ್ತಿದಳು. ಬಲಗೈ. ಅಂಗೈ ನೆತ್ತಿಯನ್ನೂ ದಾಟಿತ್ತು.

ಪರದೆಯ ಗೊಂಬೆಯೂ ಕೈಯೆತ್ತಿ ನಿಂತಿತ್ತು. ಅವಳು ಮೊದಲು ಗೊಂಬೆಯನ್ನು ನೋಡಿದಳು, ಆಮೇಲೆ ತನ್ನ ಕೈಯನ್ನು. "ಅಯ್ಯೋ, ನೋವು," ಎನ್ನುತ್ತ ಇಳಿಸಿದಳು. ಅಳುತ್ತಲೂ ನಗುತ್ತಲೂ, ಈ ಸಲ ಬೇಕೆಂದೇ, ಮತ್ತೆ ನಿಧಾನವಾಗಿ ಎತ್ತಿದಳು. ಈ ಯಶಸ್ಸು ಯಾವ ಕಂಪನಿಗೆ ಸಲ್ಲಬೇಕೆಂಬ ವ್ಯಾಜ್ಯವನ್ನು ಶಿವಣ್ಣನೂ ಪೂಣಚ್ಚನೂ ಇಂದಿಗೂ ನಡೆಸುತ್ತಿದ್ದಾರೆ.

ಅಲ್ಲಿಂದ ಅವಳು ಗೋಡೆಯ ವ್ಯಾಯಾಮವನ್ನೂ ಬಿಡಲಿಲ್ಲ, ಕ್ಯಾಮೆರಾವನ್ನೂ ಬಿಡಲಿಲ್ಲ. ಮಳೆ ಹೊಳವಾದ ಮೇಲೆ ಒಂದು ಬೆಳಿಗ್ಗೆ ನಾನು ಬಾಚಣಿಗೆ ಹಿಡಿದು ಹೋದರೆ, ಅವಳು ತುಟಿ ಕಚ್ಚಿಕೊಂಡು ಜಡೆಯ ಕೊನೆಯ ಎಳೆಯನ್ನು ತಾನೇ ಹೆಣೆಯುತ್ತಿದ್ದಳು.

"ನೀವು ಹೆಣೆದಿದ್ದು ದಿನಾ ಎಡಕ್ಕೆ ವಾಲ್ತಿತ್ತು," ಎಂದಳು. "ಬೇಜಾರು ಮಾಡ್ಕೋತೀರಿ ಅಂತ ಹೇಳಿರ್ಲಿಲ್ಲ."

ಅವಳು ಹೆಣೆದದ್ದು ಬಲಕ್ಕೆ ಸಾಕಷ್ಟು ವಾಲಿತ್ತು. ನಾನೂ ಹೇಳಲಿಲ್ಲ.