ಹರಳೆಣ್ಣೆ ಡಬ್ಬದಲ್ಲಿ ಇದ್ದದ್ದು

ನಿಂಗಮ್ಮ ಅಂದು ಕೊಪ್ಪರಿಗೆಗೆ ನೀರು ಸುರಿಯಲಿಲ್ಲ. ಅವಳು ಎತ್ತಿಕೊಂಡದ್ದು ಹರಳೆಣ್ಣೆಯ ಡಬ್ಬವನ್ನೇ. ಆದರೆ ಅದರಲ್ಲಿ ಎಣ್ಣೆ ಇರಲಿಲ್ಲ, ಸಾರಾಯಿ ಇತ್ತು. ಅದನ್ನು ತುಂಬಿಟ್ಟವನು ನಾನು — ಚಿನ್ನಪ್ಪ, ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ದೇವರ ಪ್ರೀತಿಯ ಪಾಠ ಹೇಳಿಕೊಡುವ ಉಪದೇಶಿ. ಇಷ್ಟು ಮಾತು ಬಾಯಿಂದ ಹೊರಡುವುದಕ್ಕೆ ನನಗೆ ವರ್ಷಗಳೇ ಬೇಕಾದವು.

ತೊಂಬತ್ತರ ದಶಕದ ಆರಂಭ ಅದು. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯ ಒಂದು ಆಲೆಮನೆಯಲ್ಲಿ ನಾನು ಒಲೆ ಉರಿಸುತ್ತಿದ್ದೆ. ಕಬ್ಬಿನ ಹಾಲು ಹಿಂಡಿದ ಮೇಲೆ ಉಳಿಯುವ ಸಿಪ್ಪೆಗೆ ನಮ್ಮ ಕಡೆ ರಚ್ಚು ಎನ್ನುತ್ತಾರೆ. ಅದನ್ನು ಬಿಸಿಲಿಗೆ ಹರಡಿ, ಒಣಗಿಸಿ, ಒಲೆಯ ಬಾಯಿಗೆ ಹೊತ್ತು ತರುವ ಕೆಲಸ ನಿಂಗಮ್ಮನದು. ಕುದಿಯುವ ಹಾಲು ನೊರೆಯೆದ್ದು ಉಕ್ಕಿ ಬಂದಾಗ ಒಂದಿಷ್ಟು ಹರಳೆಣ್ಣೆ ಬಿಟ್ಟರೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಅದಕ್ಕೆಂದೇ ಕೊಪ್ಪರಿಗೆಯ ಪಕ್ಕದಲ್ಲಿ ಎಣ್ಣೆಯ ಡಬ್ಬ, ಅದರ ಆಚೆಗೆ ಕೈ ತೊಳೆಯುವ ನೀರಿನ ಡಬ್ಬ. ನೊರೆಯ ಮೇಲೆ ಕಣ್ಣಿಡುವುದು, ಎಣ್ಣೆ ಬಿಡುವುದು, ಉರಿ ತಗ್ಗಿಸುವುದು ಎಲ್ಲವೂ ನನ್ನ ಜವಾಬ್ದಾರಿ. ಆಲೆಮನೆಯ ಯಜಮಾನರಾದ ಗೌಡರಿಗೆ ನನ್ನ ಕುಡಿತ ಗೊತ್ತಿತ್ತು. ದಿನಾ ಬೆಳಿಗ್ಗೆ ನನ್ನ ಸೊಂಟ ತಡವಿ ಸಾರಾಯಿ ಪ್ಯಾಕೆಟ್ಟು ಇದೆಯೇ ಎಂದು ನೋಡುತ್ತಿದ್ದರು. ನಾನೇನು ಕಡಿಮೆಯವನೇ? ಎಣ್ಣೆ ಮುಗಿದಿದ್ದ ಒಂದು ದಿನ, ಉಗ್ರಾಣದಿಂದ ತಂದು ತುಂಬಿಸುವ ಬದಲು ಪ್ಯಾಕೆಟ್ಟುಗಳನ್ನು ಹಲ್ಲಿನಲ್ಲಿ ಕಚ್ಚಿ ಅದೇ ಡಬ್ಬಕ್ಕೆ ಸುರಿದೆ. ಎಲ್ಲರ ಕಣ್ಣೆದುರಿಗೇ ಇರುವ ಡಬ್ಬವನ್ನು ಯಾರು ಅನುಮಾನಿಸುತ್ತಾರೆ — ಎಂದು ನನ್ನ ಜಾಣತನಕ್ಕೆ ನಾನೇ ನಕ್ಕಿದ್ದೆ.

ಅದೇ ದಿನದ ಬೆಳಗಿನ ಹೊತ್ತು. ಉಳಿದವರು ಹೊರಗೆ ಕಬ್ಬು ಇಳಿಸುತ್ತಿದ್ದರು. ನಾನು ಒಲೆಯ ಬಾಯಿಗೆ ರಚ್ಚು ತುರುಕಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿದ್ದೆ. ನಿಂಗಮ್ಮ ಹೊರೆ ಇಳಿಸಲು ಬಂದವಳು ನೊರೆ ಅಂಚಿಗೆ ಬಂದಿದ್ದನ್ನು ನೋಡಿ ನನ್ನನ್ನು ಕೂಗಿದಳಂತೆ. ನನಗೆ ಎಚ್ಚರವಾಗಲಿಲ್ಲ. ಒಂದು ಕೊಪ್ಪರಿಗೆ ಬೆಲ್ಲ ಹಾಳಾಗಬಾರದೆಂದು, ಬೈಗುಳ ನನಗೆ ಬೀಳಬಾರದೆಂದು, ನನ್ನ ಕೆಲಸವನ್ನು ಅವಳು ಮಾಡಲು ಹೋದಳು. ಡಬ್ಬ ಎತ್ತಿದಳು, ಸುರಿದಳು. ನೊರೆ ಇಳಿಯುವ ಬದಲು ಹಾಲು ಸಿಡಿದೆದ್ದು ಅವಳ ಕೆನ್ನೆ, ಕತ್ತು, ಎಡಗೈ ಮೇಲೆ —

ಆ ಕೂಗಿಗೆ ನಾನು ಎದ್ದೆ. ಅವಳನ್ನು ಎಳೆದು, ಹೊರಗೆ ಹೊತ್ತೊಯ್ದು, ನೀರಿನ ತೊಟ್ಟಿಗೆ ಅವಳ ಕೈ ಅದ್ದಿದೆ. ಅದು ನಿಜ. ನನ್ನ ಅಂಗೈಯೂ ಸುಟ್ಟಿತು. ಅದೂ ನಿಜ. ಎಲ್ಲರೂ ಕಂಡದ್ದು ಇಷ್ಟನ್ನೇ. ಟ್ರಾಕ್ಟರು ಹೊರಡಿಸುವಷ್ಟರಲ್ಲಿ ನಾನು ಒದ್ದೆ ಬಟ್ಟೆ ತರುತ್ತೇನೆಂದು ಒಳಗೆ ಹೋದೆ. ಡಬ್ಬದ ತಳದಲ್ಲಿ ಉಳಿದಿದ್ದ ಸಾರಾಯಿಯನ್ನು ಬೂದಿಗೆ ಸುರಿದೆ. ಉಗ್ರಾಣದ ಎಣ್ಣೆ ತಂದು ತುಂಬಿಸಿದೆ. ಹೊರಗೆ ಅವಳು ಅವ್ವಾ ಅವ್ವಾ ಎಂದು ನರಳುತ್ತಿದ್ದುದು ಕೇಳುತ್ತಲೇ ಇತ್ತು. ಕುಡಿದವನ ಕೈ ಅಷ್ಟು ಸ್ಥಿರವಾಗಿ ಕೆಲಸ ಮಾಡಿದ್ದು ಅದೊಂದೇ ಸಲ.

ಆಸ್ಪತ್ರೆಯಿಂದ ಬಂದ ಮೇಲೆ ಗೌಡರು ಡಬ್ಬ ಎತ್ತಿ ನೋಡಿದರು. ಎಣ್ಣೆ ತುಂಬಿಯೇ ಇದೆ. ನನ್ನ ಕಡೆ ತಿರುಗಿದರು.

"ನೀರು ಉಯ್ದ್ಬುಟ್ಲೇನ್ಲಾ ಅವ್ಳು?"

"ನೀರೇ ಇರ್ಬೇಕು ಗೌಡ್ರೇ. ಗಾಬ್ರೀಲಿ ನೋಡ್ನಿಲ್ಲ ಅನ್ಸ್ತದೆ."

ಅಷ್ಟೇ ನಾನು ಆಡಿದ ಮಾತು. ಪಾಕಕ್ಕೆ ನೀರು ಸುರಿದವಳು ಎಂಬ ಹೆಸರು ನಿಂಗಮ್ಮನಿಗೆ ಅಂಟಿತು. ಸುತ್ತಲಿನ ಯಾವ ಆಲೆಮನೆಯಲ್ಲೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರೆಗೂ ಹೋಗಿ ಕೇಳಿದಳು. ಅವಳಿಗಿಂತ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಕೊನೆಗೆ ನಾಗಮಂಗಲದ ಕಡೆಯ ಹೊಲಗಳಲ್ಲಿ ಕಳೆ ಕೀಳುವ ಕೆಲಸಕ್ಕೆ ಹೋದಳು, ಎರಡು ಬೆರಳು ಅಂಟಿಕೊಂಡ ಕೈಯಲ್ಲಿ. ಅವಳ ಗಂಡ ಕೆಂಪಯ್ಯ ಕೆಟ್ಟವನಲ್ಲ. ಆದರೆ ಮನೆಯಲ್ಲಿ ಏನು ಚೆಲ್ಲಿದರೂ, ನಿನ್ನ ಕೈಗೆ ಏನು ಕೊಟ್ಟರೂ ಅಷ್ಟೇ ಎನ್ನುತ್ತಿದ್ದ.

ಮತ್ತು ನಾನು? ನಾನು ಅವಳನ್ನು ಬೆಂಕಿಯಿಂದ ಎತ್ತಿದ ಪುಣ್ಯಾತ್ಮ.

ನನ್ನ ಅಣ್ಣ ಮನೆಯಿಂದ ಹೊರಗೆ ಹಾಕಿದಾಗ ನಾನು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿರುತ್ತಿದ್ದೆ. ಮೈಯೆಲ್ಲ ನಾತ. ಹಡೆದ ತಾಯಿ ಬದುಕಿದ್ದಿದ್ದರೆ ಅವಳೂ ಮೂಗು ಮುಚ್ಚುತ್ತಿದ್ದಳು. ಕೈಗೆ ಕಟ್ಟಿದ್ದ ಬಟ್ಟೆ ಇನ್ನೂ ಬಿಚ್ಚಿರದಿದ್ದ ನಿಂಗಮ್ಮ ಗಂಡನನ್ನು ಕಳಿಸಿ ನನ್ನನ್ನು ಮನೆಗೆ ಕರೆಸಿಕೊಂಡಳು. ಜಗಲಿಯ ಮೇಲೆ ಜಾಗ ಕೊಟ್ಟಳು. ಕೆಂಪಯ್ಯ ತನ್ನ ಕಂಬಳಿ ಕೊಟ್ಟ. ಅವಳು ಒಂದೇ ಕೈಯಲ್ಲಿ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಬಿಟ್ಟು, ಉಂಡ್ಕೊಂಡ್ ಓಗಣ್ಣ ಎನ್ನುತ್ತಿದ್ದಳು. ಕುಡಿಯಬೇಡ ಎಂದು ಒಂದು ದಿನವೂ ಹೇಳಲಿಲ್ಲ. ಆ ಊಟ ಉಂಡು ಸಾರಾಯಿ ಅಂಗಡಿಯ ಕಡೆ ಹೆಜ್ಜೆ ಹಾಕಲು ನನ್ನಿಂದ ಆಗದೇ ಹೋಯಿತು. ನಾನು ಬಿಟ್ಟೆ. ನಿಜವಾಗಿಯೂ ಬಿಟ್ಟೆ. ಸ್ನಾನ ಮಾಡಿ ಚರ್ಚಿಗೆ ಬಂದೆ, ಜಪಮಾಲೆ ಹಿಡಿದೆ, ಮಕ್ಕಳಿಗೆ ಪಾಠ ಹೇಳುವಷ್ಟಾದೆ. ಯಾರಿಗೂ ಬೇಡವಾದವನನ್ನು ದೇವರ ಪ್ರೀತಿ ಹೇಗೆ ಬದಲಿಸುತ್ತದೆ ನೋಡಿ ಎಂದು ನಮ್ಮ ಪಾದ್ರಿ ಸ್ವಾಮಿಗಳು ಭಾನುವಾರದ ಪ್ರಸಂಗದಲ್ಲಿ ನನ್ನತ್ತ ಕೈ ತೋರಿಸುತ್ತಿದ್ದರು.

ಅಲ್ಲಿಂದಲೇ ನನ್ನ ಸೆರೆವಾಸ ಶುರುವಾಯಿತು. ನಿಂಗಮ್ಮ ನಮ್ಮ ಮತದವಳಲ್ಲ. ಆದರೂ ವರ್ಷಕ್ಕೊಮ್ಮೆ ಬಾಳೆಹಣ್ಣು, ಮೇಣದ ಬತ್ತಿ ಹಿಡಿದು ಚರ್ಚಿಗೆ ಬರುತ್ತಿದ್ದಳು. ದೇವಸ್ಥಾನದಲ್ಲಿ ಹೆಸರು ಹೇಳಿ ಅರ್ಚನೆ ಮಾಡಿಸುವ ಹಾಗೆಯೇ, ನಮ್ ಚಿನ್ನಪ್ಪಣ್ಣನ ಹೆಸರಲ್ಲಿ ಪೂಜೆ ಮಾಡ್ಸಿ ಸ್ವಾಮಿ ಎನ್ನುತ್ತಿದ್ದಳು. ಚಿನ್ನಪ್ಪನವರ ಉಪಕಾರಕ್ಕಾಗಿ ನಿಂಗಮ್ಮನವರು ಸಲ್ಲಿಸುವ ಕೃತಜ್ಞತಾ ಪೂಜೆ ಎಂದು ಪೀಠದಿಂದ ಓದುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ, ಎಲ್ಲರ ಕಣ್ಣೆದುರಿಗೆ — ಆ ಡಬ್ಬ ಇದ್ದ ಹಾಗೆಯೇ. ಪಾಪನಿವೇದನೆಗೆ ಸ್ವಾಮಿಗಳ ಮುಂದೆ ಮಂಡಿಯೂರಿದಾಗ ಕುಡಿದೆ ಎಂದೆ, ಸುಳ್ಳು ಹೇಳಿದೆ ಎಂದೆ. ಯಾವ ಸುಳ್ಳು ಎಂದು ಹೇಳಲಿಲ್ಲ. ಹೋಗಿ ಅವಳಿಗೆ ತಿಳಿಸು ಎಂದುಬಿಟ್ಟರೆ? ಅವಳ ಪ್ರೀತಿ ನನ್ನನ್ನು ಮನುಷ್ಯನನ್ನಾಗಿ ಮಾಡಿತ್ತು. ಆದರೆ ಅವಳು ಪ್ರೀತಿಸಿದ್ದು ನನ್ನನ್ನಲ್ಲ, ನಾನು ಕಟ್ಟಿ ನಿಲ್ಲಿಸಿದ ಇನ್ನೊಬ್ಬ ಚಿನ್ನಪ್ಪನನ್ನು. ನಿಜ ಹೇಳಿದರೆ ಮತ್ತೆ ಆ ಬಸ್ ಸ್ಟ್ಯಾಂಡಿನವನಾಗುತ್ತೇನೆ ಎಂಬ ಭಯ... ಹೇಳದಿದ್ದರೆ ಅವಳು ಬಡಿಸಿದ ಒಂದೊಂದು ತುತ್ತೂ ಕದ್ದದ್ದು.

ಕೆಂಪಯ್ಯ ಜ್ವರದಲ್ಲಿ ತೀರಿಕೊಂಡ. ಅವನ ಹಾಸಿಗೆಯ ಪಕ್ಕ ನಾನು ಪ್ರಾರ್ಥನೆ ಮಾಡುತ್ತ ಕೂತಿದ್ದೆ, ಬಾಯಿ ಬಿಡಲಿಲ್ಲ. ಅವನು ಹೋದ ಮರುವರ್ಷ, ಒಂದು ಭಾನುವಾರ ಮಧ್ಯಾಹ್ನ, ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ನಿಂಗಮ್ಮ ಒಗ್ಗರಣೆಗೆ ಎಣ್ಣೆ ಪಾತ್ರೆ ಎತ್ತಿಕೊಂಡಳು. ಮಗಳು ಸುಧಾ ತಮಾಷೆಗೆಂಬಂತೆ ಅದನ್ನು ಕಿತ್ತುಕೊಂಡಳು.

"ನೀ ಬುಡವ್ವ, ನಾ ಉಯ್ತೀನಿ. ನಿನ್ ಕೈಗೆ ಕೊಟ್ರೆ ನೀರು ಉಯ್ದ್ಬುಟ್ಟೀಯ."

ನಿಂಗಮ್ಮ ನಕ್ಕಳು. ಪಾತ್ರೆ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ನಿಂತಳು, ತನ್ನದೇ ಒಲೆಯ ಮುಂದೆ. ದಿನಾ ನಡೆಯುವ ಸಂಗತಿ ಎನ್ನುವುದು ಆ ಸರಿಯುವಿಕೆಯಲ್ಲೇ ಗೊತ್ತಾಗುತ್ತಿತ್ತು. ಎತ್ತಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಕೈ ತೊಳೆಯದೆ, ತಟ್ಟೆಯ ಮುಂದೆಯೇ ಕೂತು, ತಾಯಿ ಮಗಳಿಬ್ಬರಿಗೂ ಎಲ್ಲ ಹೇಳಿದೆ. ಡಬ್ಬ, ಪ್ಯಾಕೆಟ್ಟು, ಬೂದಿ, ಗೌಡರಿಗೆ ಹೇಳಿದ ಮಾತು. ಒಂದನ್ನೂ ಬಿಡಲಿಲ್ಲ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎಡಗೈಯನ್ನು ತಿರುವಿ ತಿರುವಿ ನೋಡಿಕೊಂಡಳು.

"ಅಂಗಾರೆ ನಾನ್ ಎತ್ತಿದ್ದು ಎಣ್ಣೆ ಡಬ್ಬನೇನಾ?"

ಹೌದು ಎಂದೆ.

"ನಂಗೂ ಅಂಗೇ ನೆಪ್ಪಿತ್ತು. ಎಲ್ರೂ ನೀರು ಅಂದ್ರು ಅಂತ ನಾನೂ ಒಪ್ಕೊಂಡೆ." ನನ್ನ ಮುಖ ನೋಡದೆ ಕೇಳಿದಳು: "ನಮ್ಮನೆಯೋರು ಬದುಕಿದ್ದಾಗ ಯಾಕ್ ಏಳ್ನಿಲ್ಲ?"

ಸುಧಾ ಬಾಗಿಲು ತೋರಿಸಿದಳು. ನಾನು ಎದ್ದು ಬಂದೆ.

ಆ ದಿನ ಚರ್ಚಿನಲ್ಲಿ ಒಬ್ಬನೇ ಮಂಡಿಯೂರಿ ಶಿಲುಬೆಯ ಕಡೆ ನೋಡಿದೆ. ಆತನಿಗೆ ಆ ಡಬ್ಬದಲ್ಲಿ ಏನಿತ್ತೆಂದು ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ, ಅವಳ ಸುಟ್ಟ ಕೈಯಿಂದಲೇ ನನಗೆ ಅನ್ನ ಹಾಕಿಸಿದ. ಇದಕ್ಕೆ ಕೃತಜ್ಞತೆ ಹೇಗೆ ಹೇಳಲಿ? ಹೇಳಲು ಬಾಯಿ ತೆರೆದರೆ ನಾಚಿಕೆಯಾಗುತ್ತದೆ, ಹೇಳದಿರಲು ಆಗುವುದಿಲ್ಲ. ನನ್ನನ್ನು ಪೂರ್ತಿ ತಿಳಿದೂ ಕೈಬಿಡದ ಒಂದು ಪ್ರೀತಿ ಇದೆ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದೆನಲ್ಲ — ನಂಬಿದ್ದು ಆ ಹೊತ್ತಿನಲ್ಲಿ. ಆದರೆ ಆತ ಕೈಬಿಡಲಿಲ್ಲ ಎಂದ ಮಾತ್ರಕ್ಕೆ ನಿಂಗಮ್ಮನ ಲೆಕ್ಕ ಚುಕ್ತಾ ಆಗುವುದಿಲ್ಲ. ಆ ಪ್ರೀತಿಯ ಮರೆಯಲ್ಲಿ ಅಡಗಿ ಕೂರುವುದು ಇನ್ನು ನನಗೆ ಸಾಧ್ಯವಿಲ್ಲ.

ಸ್ವಾಮಿಗಳ ಅಪ್ಪಣೆ ಕೇಳಿ, ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಎದ್ದು ನಿಂತು ಹೇಳಿದೆ. ಗೌಡರ ಆಲೆಮನೆಗೆ ಹೋಗಿ, ಕೆಲಸದವರೆಲ್ಲರ ಮುಂದೆ ಹೇಳಿದೆ. ಗೌಡರು ಥೂ ಎಂದು ಉಗಿದರು, ಸರಿಯಾಗಿಯೇ ಉಗಿದರು. ಕೆ.ಆರ್. ಪೇಟೆ ಕಡೆಯ ಆಲೆಮನೆಗಳಿಗೂ ಹೋಗುತ್ತಿದ್ದೇನೆ, ಅವಳ ಕೈ ತಪ್ಪಿರಲಿಲ್ಲ ಎಂದು ಹೇಳಿ ಬರುತ್ತಿದ್ದೇನೆ. ನಿಂಗಮ್ಮ ಆಮೇಲೆ ನನ್ನನ್ನು ಅಣ್ಣ ಎಂದು ಕರೆದಿಲ್ಲ. ಕರೆಯಲಿ ಎಂದು ನಾನು ಬೇಡಿಕೊಳ್ಳುವುದೂ ಇಲ್ಲ. ಊರಿನವರಿಗೆಲ್ಲ ಹೇಳಿ ಮುಗಿಸಬಹುದು. ಕೆಂಪಯ್ಯನಿಗೆ ಮಾತ್ರ ಹೇಳಲಾರೆ.