ಅಗೋರೋ ಬೇಯಿಸಿದ ಗೋಧಿ

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಪಕ್ಕದ ಮನೆಯ ಅಗೋರೋ ಗಂಡ ಸತ್ತ ಒಂಟಿ ಮುದುಕಿ. ಅವಳ ಕೊಟ್ಟಿಗೆಯಿಂದ ಹೊಗೆಸೊಪ್ಪಿನ ವಾಸನೆ ಬಂದರೆ ನಾನು ಸುಮ್ಮನಿರುವುದು ಹೇಗೆ? ಅವಳ ಒಬ್ಬನೇ ಮಗ ಲಾಂಬ್ರೋಸ್ ಬಂಡಾಯಗಾರರ ಜೊತೆ ಹೋಗಿ ಗ್ರಾಮೋಸ್ ಬೆಟ್ಟದ ಕಾಳಗದಲ್ಲಿ ಸತ್ತನೆಂದು ಸುದ್ದಿ. ಹೆಣ ಕಂಡವರು ಯಾರೂ ಇಲ್ಲ. ಗ್ರೀಕರು ಗ್ರೀಕರನ್ನೇ ಕೊಂದ ಆ ಯುದ್ಧ ಮುಗಿದ ಚಳಿಗಾಲದಲ್ಲಿ, ಗಡಿಯಂಚಿನ ನಮ್ಮೂರಿನ ಗೋಡೆಗಳಿಗೂ ಕಿವಿಯಿತ್ತು. ಪೊಲೀಸ್ ಸಾರ್ಜೆಂಟನಂತೂ ಅನುಮಾನದಲ್ಲಿ ನನ್ನನ್ನೂ ಮೀರಿಸಿದವನು.

ಸತ್ತವರ ಶನಿವಾರ ಬಂತು. ಅಂದು ಗೋಧಿ ಬೇಯಿಸಿ, ಸಕ್ಕರೆ, ದಾಳಿಂಬೆ ಬೆರೆಸಿ ಚರ್ಚಿಗೆ ಒಯ್ಯಬೇಕು. ಪಾದ್ರಿ ಸತ್ತವರ ಹೆಸರು ಓದಿದ ಮೇಲೆ ಎಲ್ಲರೂ ತಿನ್ನಬೇಕು. ಬದುಕಿರುವವನ ಹೆಸರಿನಲ್ಲಿ ಬೇಯಿಸಿ ತಿಂದರೆ ಅವನ ಆಯಸ್ಸನ್ನೇ ತಿಂದಂತೆ ಎಂದು ನಮ್ಮ ನಂಬಿಕೆ. ಮುದುಕಿ ಮಗನ ತಟ್ಟೆ ತರದಿದ್ದರೆ ಅವನು ಬದುಕಿದ್ದಾನೆಂದೇ ಅರ್ಥ. ಸಾರ್ಜೆಂಟ್ ನೇರ ಕೊಟ್ಟಿಗೆಗೆ ನುಗ್ಗುತ್ತಿದ್ದ.

ತಂದಳು. ಗಂಡನದೊಂದು ತಟ್ಟೆ, ಮಗನದೊಂದು. ಎಲ್ಲರಿಗೂ ಹಂಚಿದಳು.

"ಏನಜ್ಜಿ, ನೀನ್ಯಾಕೆ ತಿನ್ಲಿಲ್ಲ? ಮಗಂದು ಗಂಟಲಲ್ಲಿ ಇಳಿಯಲ್ವಾ?" ಎಂದ ಸಾರ್ಜೆಂಟ್.

"ಹಲ್ಲಿಲ್ಲ ಕಣಪ್ಪಾ."

"ಬೆಂದ ಗೋಧಿಗೆ ಹಲ್ಲ್ಯಾಕೆ? ತಿನ್ನು, ನೋಡೋಣ."

ಅವನ ಬಾಯಿಗೆ ಮಣ್ಣು ಹಾಕ! ಮುದುಕಿ ಮಗನ ತಟ್ಟೆಯಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ನುಂಗಿದಳು. "ದೇವರು ಅವನನ್ನ ಕ್ಷಮಿಸ್ಲಿ," ಎಂದು ಎಲ್ಲರೂ ಹೇಳುವ ಮಾತನ್ನೇ ಹೇಳಿ, "ಸಕ್ಕರೆ ಸ್ವಲ್ಪ ಕಮ್ಮಿ ಆಯ್ತು," ಎಂದಳು.

ಸಾರ್ಜೆಂಟ್ ಟೋಪಿ ತೆಗೆದ. ಲಾಂಬ್ರೋಸ್ ದಾಟಿ ಹೋಗದಂತೆ ಗಡಿಯ ಸೇತುವೆಗೆ ಹಾಕಿಸಿದ್ದ ಕಾವಲನ್ನೂ ಮರುದಿನ ತೆಗೆಸಿದ. ಆ ವಾರದಲ್ಲೇ ಕೊಟ್ಟಿಗೆಯ ಹೊಗೆಸೊಪ್ಪಿನ ವಾಸನೆ ನಿಂತಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಒಮ್ಮೆ ಹೇಳಿದ ಸುಳ್ಳನ್ನು ಸಾಕಲೇಬೇಕಲ್ಲ. ಪ್ರತಿವರ್ಷವೂ ಎರಡು ತಟ್ಟೆ ತಂದಳು, ಪ್ರತಿವರ್ಷವೂ ಎಲ್ಲರೆದುರು ತಿಂದಳು. ಬಹಳ ವರ್ಷಗಳ ಮೇಲೆ, ಸೋತ ಬಂಡಾಯಗಾರರು ಗಡಿ ದಾಟಿ ಹೋಗಿ ನೆಲೆಸಿದ್ದ ರಷ್ಯನ್ನರ ತಾಷ್ಕೆಂಟಿನಿಂದ ಮರಳಿದವನೊಬ್ಬ ನಿಜ ಸುದ್ದಿ ತಂದ: ಲಾಂಬ್ರೋಸ್ ಅಲ್ಲಿ ದುಡಿದು ಬದುಕಿದ್ದನಂತೆ, ಮೊನ್ನೆ ಮೊನ್ನೆ ಜ್ವರದಲ್ಲಿ ತೀರಿಹೋದನಂತೆ.

ಆ ಸಲದ ಶನಿವಾರ ಮುದುಕಿ ಗಂಡನ ತಟ್ಟೆಯನ್ನಷ್ಟೇ ಹಿಡಿದು ಬಂದಳು. ನನಗೆ ತಡೆಯಲಾಗಲಿಲ್ಲ.

"ಯಾಕೆ ದೊಡ್ಡಮ್ಮ, ಲಾಂಬ್ರೋಸಂದು ಎಲ್ಲಿ?"

"ನಾನು ತಿಂದೂ ತಿಂದೂ ತಾನೇ ಅವನು ಹೋಗಿದ್ದು," ಎಂದಳು. "ಇನ್ನೂ ತಿನ್ನು ಅಂತೀಯೇನೇ?"